ಬೆಟ್ಟದಿಂದ ಇಳಿಸಿದ ಮೂಟೆಗಳು

ಎರ್ರಬಂಡೆ ಬೆಟ್ಟದ ಕಸವನ್ನೆಲ್ಲ ಮೂಟೆ ಕಟ್ಟಿ ಕೆಳಗಿಳಿಸಿದ ಭಾನುವಾರ ಹರಿತಾಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ಕಾಲೇಜಿಗೆ ಹೊರಟಾಗ ಆ ಮೂಟೆಗಳು ಹಾಲಿನ ಡೇರಿ ಪಕ್ಕದ ಹುಣಸೆಮರದ ಕೆಳಗೆ ಇಟ್ಟ ಹಾಗೇ ಇದ್ದವು. ಇವತ್ತು ಪಂಚಾಯ್ತಿ ಟ್ರ್ಯಾಕ್ಟರು ಬಂದು ಒಯ್ಯುತ್ತೆ ಅಂದುಕೊಂಡು ಬಸ್ಸು ಹತ್ತಿದಳು. ಸಂಜೆ ಬಂದಾಗಲೂ ಇದ್ದವು. ಮಂಗಳವಾರವೂ ಇದ್ದವು. ಗುರುವಾರದ ಹೊತ್ತಿಗೆ ಅವಳಿಗೆ ತಟ್ಟೆ ಮುಂದೆ ಕೂತರೆ ತುತ್ತು ಇಳಿಯದಂತಾಗಿತ್ತು.

ಎರ್ರಬಂಡಹಳ್ಳಿ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಊರಿನ ಬೆನ್ನಿಗೇ ಬೆಟ್ಟ. ಕೆಲವು ವರ್ಷಗಳ ಹಿಂದಿನವರೆಗೂ ಅದನ್ನು ಹತ್ತುತ್ತಿದ್ದವರು ಮೇಕೆ ಮೇಯಿಸುವವರು ಮತ್ತು ಶ್ರಾವಣ ಶನಿವಾರ ಮೇಲಿನ ಹನುಮಂತರಾಯನಿಗೆ ದೀಪ ಹಚ್ಚುವವರು ಮಾತ್ರ. ಆದರೆ ಕಳವಾರದ ಕಡೆ ಸ್ಕಂದಗಿರಿ ಹತ್ತಬೇಕಾದರೆ ಮೊದಲೇ ಫೋನಿನಲ್ಲಿ ಟಿಕೆಟ್ ಮಾಡಿಸಬೇಕು ಅಂತಾಯಿತು. ಅಲ್ಲಿ ಟಿಕೆಟ್ ಸಿಗದವರಿಗೆ ಯಾರೋ ಪುಣ್ಯಾತ್ಮ ಎರ್ರಬಂಡೆಯ ವೀಡಿಯೊ ಹಾಕಿ ದಾರಿ ತೋರಿಸಿಬಿಟ್ಟ. ಅಲ್ಲಿಂದೀಚೆಗೆ ಶನಿವಾರ, ಭಾನುವಾರ ಬಂತೆಂದರೆ ಕೋಳಿ ಕೂಗುವ ಮುಂಚೆಯೇ ಊರೊಳಗೆ ಬೈಕುಗಳ ಸದ್ದು. ಮಂಜು ನೋಡಲು ಬಂದವರು ಮಂಜು ಕರಗುವಷ್ಟರಲ್ಲಿ ಇಳಿದು ಹೋಗುತ್ತಿದ್ದರು. ಅವರು ತಂದದ್ದು ಮಾತ್ರ ಮೇಲೇ ಉಳಿಯುತ್ತಿತ್ತು.

ಹರಿತಾಳ ಅಪ್ಪ ಮುನಿವೆಂಕಟಪ್ಪ ಬೆಟ್ಟದ ಬುಡದಲ್ಲಿದ್ದ ತನ್ನ ಹೊಲದ ಮೂಲೆಯನ್ನು ಮಟ್ಟ ಮಾಡಿಸಿ ಗಾಡಿ ನಿಲ್ಲಿಸಲು ಬಿಟ್ಟ. ಪಕ್ಕದಲ್ಲೇ ತಗಡಿನ ಅಂಗಡಿ ಹಾಕಿದ. ವಾರದ ಐದು ದಿನ ಸೇವಂತಿಗೆ ತೋಟ, ಹಿಪ್ಪುನೇರಳೆ. ಮಿಕ್ಕ ಎರಡು ದಿನ ನೀರಿನ ಬಾಟ್ಲಿ, ಚಿಪ್ಸು, ಬಿಸಿನೀರು ಹುಯ್ದು ಕೊಡುವ ಕಪ್ಪಿನ ನೂಡಲ್ಸು. ಮಾತು ಕಡಿಮೆ, ಕೈ ಜೋರು. ಗಂಡುಮಕ್ಕಳಿಲ್ಲ ಅಂತ ಯಾರಾದರೂ ಅಂದರೆ, ‘ನನ್ನ ಮಗಳು ಟ್ರ್ಯಾಕ್ಟರು ಓಡಿಸ್ತಾಳೆ, ನಿಮ್ಮ ಮಗನ್ನ ಕರ್ಕೊಂಬನ್ನಿ ನೋಡಣ’ ಅನ್ನುವ ಮನುಷ್ಯ.

ಆ ಬೇಸಿಗೆಯಲ್ಲಿ ಹರಿತಾ ಬಹಳ ದಿನಗಳ ಮೇಲೆ ಬೆಟ್ಟದ ತುದಿಗೆ ಹೋಗಿದ್ದಳು. ಅಲ್ಲೊಂದು ದೊಣೆ ಇದೆ. ಬಂಡೆಯ ನಡುವೆ ತಾನಾಗಿ ಆದ ಗುಂಡಿ, ಎಂಥ ಬಿಸಿಲಿಗೂ ನೀರು ಬತ್ತುವುದಿಲ್ಲ. ಚಿಕ್ಕವಳಿದ್ದಾಗ ಅಜ್ಜಿ ಅಮ್ಮಾಜಮ್ಮ ಬೊಗಸೆಯಲ್ಲಿ ಅದರ ನೀರು ಕುಡಿಸಿದ್ದಳು. ಈಗ ನೋಡಿದರೆ ನೀರೇ ಕಾಣಲಿಲ್ಲ. ಬಾಟ್ಲಿ, ಕವರು, ಬಿರಿಯಾನಿ ಡಬ್ಬಿ ಒಂದರ ಮೇಲೊಂದು ತೇಲಿ ಮುಚ್ಚಳ ಹಾಕಿದಂತಿತ್ತು. ಕೆಳಗಿನಿಂದ ಕೊಳೆತ ವಾಸನೆ. ಅಲ್ಲಿಂದ ಇಳಿದವಳಿಗೆ ಒಂದು ಕಡೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕಾಲೇಜು ಶುರುವಾದ ಮೊದಲ ವಾರವೇ ಎನ್ನೆಸ್ಸೆಸ್ ನೋಡಿಕೊಳ್ಳುವ ಮೋಹನ್‌ಬಾಬು ಮೇಷ್ಟ್ರ ಬೆನ್ನು ಹತ್ತಿದಳು. ‘ಆಯ್ತಮ್ಮ ತಾಯಿ, ಬರ್ತೀವಿ’ ಅನ್ನುವ ತನಕ ಬಿಡಲಿಲ್ಲ.

ಆಷಾಢದ ಒಂದು ಭಾನುವಾರ ಎರಡು ಬಸ್ಸು ತುಂಬ ಹುಡುಗ ಹುಡುಗಿಯರು ಬಂದರು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಎಲ್ಲಾ ಕಡೆಯವರೂ ಇದ್ದರು. ತೊಂಡೇಬಾವಿಯ ಸುನೀಲ್‌ಕುಮಾರ್ ಅಂತ ಅವಳ ಕ್ಲಾಸಿನವನೇ ಒಬ್ಬ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದೊಣೆಯೊಳಗೆ ಇಳಿದ. ‘ಹರಿತಾ, ನಾನು ಮೇಲೆ ಬರದಿದ್ರೆ ನಮ್ಮಮ್ಮಂಗೆ ಹೇಳು, ಬಿರಿಯಾನಿ ವಾಸನೆ ಕುಡ್ಕೊಂಡೇ ಪ್ರಾಣ ಬಿಟ್ಟ ಅಂತ’ ಎಂದು ಕೂಗಿದ. ಎಲ್ಲರೂ ನಕ್ಕರು. ಮಧ್ಯಾಹ್ನದೊಳಗೆ ದೊಣೆಯಲ್ಲಿ ಆಕಾಶ ಕಾಣಿಸಿತು. ಮೂಟೆಗಳನ್ನು ತಲೆಯ ಮೇಲೆ, ಹೆಗಲ ಮೇಲೆ, ಕೆಲವನ್ನು ಬಂಡೆಯ ಮೇಲೆ ಎಳೆದುಕೊಂಡು ಇಳಿಸಿದರು. ಮುನಿವೆಂಕಟಪ್ಪ ಎಲ್ಲರಿಗೂ ಮಜ್ಜಿಗೆ ಕೊಟ್ಟ. ಮೂಟೆಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಪಂಚಾಯ್ತಿ ಮೆಂಬರು ಆವಲಪ್ಪ ಬಂದು, ಯುವಶಕ್ತಿ ಅಂತ ನಾಲ್ಕು ಮಾತಾಡಿ, ‘ಕಸ ಇಲ್ಲೇ ಇರ್ಲಿ, ಬೆಳಿಗ್ಗೆ ಟ್ರ್ಯಾಕ್ಟರ್ ಕಳಿಸ್ತೀನಿ’ ಎಂದು ಹೇಳಿ ಹೋದ.

ಆ ಬೆಳಿಗ್ಗೆ ಬರಲೇ ಇಲ್ಲ.

ಹರಿತಾ ಆವಲಪ್ಪನಿಗೆ ಫೋನ್ ಮಾಡಿದಳು. ಟ್ರ್ಯಾಕ್ಟರ್ ರಿಪೇರಿಗೆ ಬಿಟ್ಟಿದೆ ಅಂದ. ಮಾರನೇ ದಿನ, ಡ್ರೈವರ್ ಮಾವನ ಊರಿಗೆ ಹೋಗಿದ್ದಾನೆ ಅಂದ. ಅದರ ಮಾರನೇ ದಿನ ಫೋನೇ ಎತ್ತಲಿಲ್ಲ. ಮೋಹನ್‌ಬಾಬು ಮೇಷ್ಟ್ರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡರು.

‘ನಮ್ಮ ಕೆಲಸ ಏನಿತ್ತೋ ಅದನ್ನ ಚೆನ್ನಾಗಿ ಮಾಡಿದ್ವಲ್ಲಮ್ಮ. ಫೋಟೋ ಎಲ್ಲಾ ಕಡೆ ಬಂದಿದೆ. ಮಿಕ್ಕಿದ್ದು ಅವರು ಮಾಡ್ತಾರೆ ಬಿಡು.’

‘ಅವರು ಮಾಡ್ತಿಲ್ಲ ಸಾರ್.’

‘ಮಾಡ್ತಾರಮ್ಮ. ನೀನು ಇಂಟರ್ನಲ್ಸ್‌ಗೆ ಓದ್ಕೋ ಹೋಗು.’

ಕ್ಲಾಸಿನಲ್ಲಿ ಕೂತರೂ ಅವಳ ಕಣ್ಣು ಕಿಟಕಿಯ ಕಡೆಗೇ. ಹೊರಗೆ ಮರ ಅಲ್ಲಾಡಿದರೆ ಊರಿನಲ್ಲಿ ಎಷ್ಟು ಗಾಳಿ ಬೀಸುತ್ತಿದೆಯೋ ಅನ್ನುವ ದಿಗಿಲು. ಆಷಾಢದ ಗಾಳಿ ಅಂದರೆ ಕೇಳಬೇಕೆ. ಮೊದಲು ನಾಯಿಗಳು ಬಂದು ಎರಡು ಮೂಟೆ ಹರಿದವು. ಮಿಕ್ಕದ್ದನ್ನು ಗಾಳಿ ನೋಡಿಕೊಂಡಿತು. ಕವರುಗಳು ಹಾರಿ ಶ್ಯಾಮಲಮ್ಮನ ಹಿಪ್ಪುನೇರಳೆ ತೋಟಕ್ಕೆ ಹೋದವು, ಶಾಲೆಯ ಬೇಲಿಗೆ ಸಿಕ್ಕಿಕೊಂಡು ಪಟಪಟ ಅಂದವು, ಡೇರಿಗೆ ಹಾಲು ತಂದವರ ಕಾಲಿಗೆ ಸುತ್ತಿಕೊಂಡವು. ಬಸ್ಸಿನಿಂದ ಇಳಿದ ಹರಿತಾ ಮನೆಗೆ ಹೋಗುವ ಬದಲು ಬ್ಯಾಗನ್ನು ಬೆನ್ನಿಗೇ ಹಾಕಿಕೊಂಡು ಅವನ್ನು ಅಟ್ಟಿಸಿಕೊಂಡು ಓಡಾಡುತ್ತಿದ್ದಳು. ಹಿಡಿದು ಮೂಟೆಗೆ ತುರುಕುವಷ್ಟರಲ್ಲಿ ಇನ್ನೊಂದು ಮೂಟೆಯ ಬಾಯಿ ಬಿಚ್ಚಿಕೊಂಡಿರುತ್ತಿತ್ತು.

‘ಬೆಟ್ಟದ ಮೇಲೆ ಯಾರ ಕಣ್ಣಿಗೂ ಬೀಳ್ದೆ ಇತ್ತು. ತಂದು ನಮ್ಮ ಮುಂದೆ ಸುರಿದ್ಲು ಪುಣ್ಯಾತಗಿತ್ತಿ’ ಎಂದು ಶ್ಯಾಮಲಮ್ಮ ಡೇರಿಯ ಸಾಲಿನಲ್ಲಿ ನಿಂತು ಅಂದಳು. ಹರಿತಾಳಿಗೆ ಕೇಳಿಸಲಿ ಅಂತಲೇ ಅಂದಳು.

ಸಾಲಿನಲ್ಲಿದ್ದ ಲಕ್ಷ್ಮೀನರಸಮ್ಮ ಒಬ್ಬಳು ಹರಿತಾಳ ಪರವಾಗಿ ಮಾತಾಡಿದಳು. ಅವಳು ಹರಿತಾಳ ಮನೆಯ ಎದುರಿನವಳು, ಗಂಡ ಇಲ್ಲ, ಮಗಳ ಮದುವೆಯಾಗಿದೆ, ಇರುವುದೊಂದು ಸೀಮೆಹಸು. ಚುಕ್ಕಿ ಅಂತ ಹೆಸರು. ‘ಓದೋ ಮಗು ಏನೋ ಒಳ್ಳೇದು ಮಾಡಕ್ಕೆ ಹೋಗೈತೆ. ನೀವ್ಯಾರಾದ್ರೂ ಒಂದು ಕವರ್ ಎತ್ತಿದ್ರಾ ಇಷ್ಟು ದಿನ?’ ಎಂದು ಶ್ಯಾಮಲಮ್ಮನ ಬಾಯಿ ಮುಚ್ಚಿಸಿದಳು. ಹರಿತಾಳಿಗೆ ಕಣ್ಣು ತುಂಬಿ ಬಂತು.

ಅದು ಗುರುವಾರ. ಶುಕ್ರವಾರ ಸಂಜೆ ಲಕ್ಷ್ಮೀನರಸಮ್ಮ ಚುಕ್ಕಿಯನ್ನು ಮೇಯಿಸಿಕೊಂಡು ಬರುವಾಗ ಡೇರಿಯ ಹತ್ತಿರ ಯಾರೋ ಮಾತಿಗೆ ನಿಲ್ಲಿಸಿದರು. ನಿಂತದ್ದು ಒಂದು ಗಳಿಗೆ ಇರಬಹುದು. ತಿರುಗಿ ನೋಡುವಷ್ಟರಲ್ಲಿ ಚುಕ್ಕಿ ಹರಿದ ಮೂಟೆಯೊಳಗೆ ಮೂತಿ ಇಟ್ಟು, ಹುಳಿ ಹಿಡಿದ ಅನ್ನ ಮೆತ್ತಿದ್ದ ಕವರನ್ನು ಕವರಿನ ಸಮೇತ ಎಳೆದು ನುಂಗುತ್ತಿತ್ತು. ಹಗ್ಗ ಜಗ್ಗಿ ಕರೆದುಕೊಂಡು ಹೋದಳು. ಶನಿವಾರ ಬೆಳಗಾಗುವಷ್ಟರಲ್ಲಿ ಹಸು ಮೆಲುಕು ನಿಲ್ಲಿಸಿತ್ತು. ಹೊಟ್ಟೆಯ ಎಡಗಡೆ ಮೃದಂಗದ ಹಾಗೆ ಬಿಗಿದಿತ್ತು. ನಾಲಿಗೆ ಹೊರಗೆ.

‘ಅಯ್ಯೋ ದೇವುಡಾ, ನನ್ನ ತಾಯಿ ಹೋಗ್ತಾಳೆ’ ಎಂದು ಲಕ್ಷ್ಮೀನರಸಮ್ಮ ಕೂಗಿದ್ದು ಇಡೀ ಬೀದಿಗೆ ಕೇಳಿತು. ಹರಿತಾ ಕೈಯಲ್ಲಿದ್ದ ಲೋಟ ಬಿಟ್ಟು ಓಡಿಬಂದಳು. ಪಶು ಆಸ್ಪತ್ರೆಯ ಡಾಕ್ಟರು ನಾಗರಾಜ್‌ಗೆ ಫೋನ್ ಮಾಡಿದವಳು ಅವಳೇ. ಅವರು ಬರುವ ತನಕ ಬೀದಿಯ ಆ ತುದಿಯಿಂದ ಈ ತುದಿಗೆ ತಿರುಗಿದಳು, ಕೂರಲಿಲ್ಲ.

ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಿದರು. ಕಿವಿಗೆ ಕೊಳವೆ ಇಟ್ಟು ಕೇಳಿದರು. ಸೂಜಿ ಚುಚ್ಚಿ ಗಾಳಿ ಹೊರಬಿಟ್ಟರೂ ಗಂಟು ಕರಗಲಿಲ್ಲ.

‘ಒಳಗೆ ಪ್ಲಾಸ್ಟಿಕ್ ಕಟ್ಕೊಂಡಿದೆ. ಔಷಧಿಗೆ ಹೋಗೋದಲ್ಲ. ಕುಯ್ದು ತೆಗೀಬೇಕು’ ಅಂದರು.

‘ಬದುಕ್ತಾಳಾ ಸ್ವಾಮಿ?’

‘ತೆಗೀದಿದ್ರೆ ಬದುಕಲ್ಲಮ್ಮ. ತೆಗೆದ್ರೆ ಬದುಕಬಹುದು.’

ಅಂಗಳದಲ್ಲೇ ಹಸುವನ್ನು ಎರಡು ಗೂಟಕ್ಕೆ ಕಟ್ಟಿ ನಿಲ್ಲಿಸಿದರು. ಎಡಗಡೆ ಕೂದಲು ಬೋಳಿಸಿ, ನೋವು ಗೊತ್ತಾಗದ ಇಂಜೆಕ್ಷನ್ ಕೊಟ್ಟು, ಚರ್ಮ ಸೀಳಿದರು. ಹರಿತಾ ಚುಕ್ಕಿಯ ತಲೆಯನ್ನು ಎದೆಗೊತ್ತಿಕೊಂಡು ಹಿಡಿದಿದ್ದಳು. ಹಸುವಿನ ಬಿಸಿ ಉಸಿರು ಅವಳ ಕತ್ತಿಗೆ ತಾಗುತ್ತಿತ್ತು. ಡಾಕ್ಟರು ತೋಳಿನ ತನಕ ಗ್ಲೌಸು ಹಾಕಿಕೊಂಡು ಒಳಗೆ ಕೈ ಹಾಕಿ ಎಳೆದರು. ಮೊದಲು ಬಂದದ್ದು ನೀಲಿ ಕವರು. ಆಮೇಲೆ ಹಾಲಿನ ಪಾಕೀಟು, ಗೊಬ್ಬರದ ಚೀಲದ ದಾರ, ಮತ್ತೆ ಕವರು. ಒಂದಕ್ಕೊಂದು ಹೆಣೆದುಕೊಂಡು ಹಗ್ಗದ ಹಾಗೆ ಬರುತ್ತಲೇ ಇತ್ತು. ಒಂದು ಮಂಕರಿ ತುಂಬಿ ಮೇಲೆ ಗೋಪುರವಾಯಿತು. ಆ ವಾಸನೆಗೆ ನೋಡಲು ನಿಂತವರು ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದರು. ಹರಿತಾಳಿಗೆ ಸರಿಯಲು ಆಗಲಿಲ್ಲ. ಎರಡೂ ಕೈಯಲ್ಲಿ ಹಸುವಿನ ತಲೆ ಇತ್ತು.

ಹೊಲಿಗೆ ಹಾಕುತ್ತ ಡಾಕ್ಟರು ತಾವಾಗಿಯೇ ಹೇಳಿದರು: ‘ನೋಡಮ್ಮ, ಇದು ನಿನ್ನೆ ತಿಂದಿದ್ದಲ್ಲ. ವರ್ಷಗಟ್ಟಲೆ ತಿಂದಿದ್ದು. ನಿನ್ನೆ ತಿಂದ ಅನ್ನ ಹುಳಿಯಾಗಿ ಉಬ್ಬಿಸ್ತು, ಅದಕ್ಕೆ ಈಗ ಗೊತ್ತಾಯ್ತು ಅಷ್ಟೆ.’

ಲಕ್ಷ್ಮೀನರಸಮ್ಮ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಡಾಕ್ಟರ ಬೈಕು ತಿರುವು ದಾಟಿದ ಮೇಲೆ ಹರಿತಾಳ ಕೈಯಿಂದ ಹಗ್ಗ ಕಿತ್ತುಕೊಂಡಳು.

‘ಅತ್ತೇ, ನಾನು ಚುಕ್ಕಿ ಹತ್ರ ಇರ್ತೀನಿ, ನೀವು ಸ್ವಲ್ಪ...’

‘ಬೇಡ. ಮನೆಗೆ ಹೋಗು. ಹೊಟ್ಟೇಲಿ ಕರು ಐತೆ. ಅದು ಉಳಿಯುತ್ತೋ ಇಲ್ವೋ ಆ ಹನುಮಂತರಾಯಂಗೇ ಗೊತ್ತು. ಮೊನ್ನೆ ನಾನು ನಿನ್ನ ಪರವಾಗಿ ಮಾತಾಡ್ದೆ ನೋಡು, ನನ್ನ ಬಾಯಿಗೆ ಬೆಂಕಿ ಬೀಳ.’

ಬಾಗಿಲು ಹಾಕಿಕೊಂಡಳು.

ಹರಿತಾ ಅಂಗಳದಲ್ಲಿ ನಿಂತಳು. ಬಟ್ಟೆಯ ಮೇಲೆ ರಕ್ತ, ಸಗಣಿ. ಏನು ಮಾಡಬೇಕು ಅಂತ ಯೋಚಿಸಿದವಳಲ್ಲ. ಮಂಕರಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ನೆಟ್ಟಗೆ ಬೆಟ್ಟದ ಬುಡಕ್ಕೆ ನಡೆದಳು. ಶನಿವಾರದ ವ್ಯಾಪಾರ ಜೋರಾಗಿತ್ತು. ಇಳಿದು ಬಂದವರು ಬೆಂಚಿನ ಮೇಲೆ ಕೂತು ನೂಡಲ್ಸು ಊದಿಕೊಂಡು ತಿನ್ನುತ್ತಿದ್ದರು. ಅವಳು ಅಂಗಡಿಯ ಹಲಗೆಯ ಮೇಲೆ, ನೀರಿನ ಬಾಟ್ಲಿಗಳ ಪಕ್ಕದಲ್ಲಿ, ಮಂಕರಿಯನ್ನು ಇಟ್ಟಳು.

ತಿನ್ನುತ್ತಿದ್ದವರಲ್ಲಿ ಒಬ್ಬಳು ಎದ್ದು ಓಡಿಹೋಗಿ ವಾಂತಿ ಮಾಡಿಕೊಂಡಳು.

‘ಏನಮ್ಮಾ ಇದು?’ ಮುನಿವೆಂಕಟಪ್ಪ ತಗ್ಗಿದ ದನಿಯಲ್ಲಿ ಕೇಳಿದ.

‘ಚುಕ್ಕಿ ಹೊಟ್ಟೇಲಿದ್ದಿದ್ದು. ನಾಳೆಯಿಂದ ಬಾಟ್ಲಿ ಮಾರಬೇಡ ಅಪ್ಪ. ಈ ಕಪ್ಪು, ಈ ಚಿಪ್ಸು ಯಾವುದೂ ಬೇಡ.’

‘ಗಿರಾಕಿಗಳು ಅವ್ರೆ. ಮನೇಲಿ ಮಾತಾಡಣ. ತೆಗಿ ಇದನ್ನ.’

‘ತೆಗಿಯಲ್ಲ. ಇಲ್ಲೇ ಮಾತಾಡು.’

‘ಬಾಯಾರಿ ಬಂದೋರಿಗೆ ನೀರು ಕೊಡೋದು ತಪ್ಪೇನಮ್ಮಾ?’ ಅವನ ದನಿ ಏರಿತು. ‘ನಾನು ಕೊಡ್ದಿದ್ರೆ ಬೆಂಗಳೂರಿಂದಾನೇ ತರ್ತಾರೆ. ಕುಡಿದು ಎಸೀರಿ ಅಂತ ನಾನು ಹೇಳಿದ್ನಾ? ಭಾನುವಾರ ನೀನು ಸಂಭ್ರಮ ಮಾಡ್ದೆ, ನಾನು ಬೇಡ ಅಂದ್ನಾ? ಮಜ್ಜಿಗೆ ಕೊಟ್ಟೆ. ಈಗ ಊರೋರ ಮುಂದೆ, ಗಿರಾಕಿ ಮುಂದೆ ನನ್ನ ಮುಖಕ್ಕೆ ಸಗಣಿ ಎರಚ್ತೀಯಾ?’

ಅಪ್ಪ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಹರಿತಾಳಿಗೆ ಇನ್ನಷ್ಟು ಉರಿ. ಮಂಕರಿಯನ್ನು ಮತ್ತೆ ಎತ್ತಿಕೊಂಡು ಮನೆಗೆ ಬಂದು ಹಿತ್ತಲಲ್ಲಿ ಇಟ್ಟಳು. ಅಪ್ಪ ಮಗಳು ಆ ದಿನವೂ ಮಾತಾಡಲಿಲ್ಲ, ಭಾನುವಾರವೂ ಮಾತಾಡಲಿಲ್ಲ. ಅಮ್ಮಾಜಮ್ಮ ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಮುದ್ದೆ ಬಡಿಸಿ, ‘ಒಂದು ಮನೇಲಿ ಎರಡು ಹೋಟ್ಲು ನಡೆಸ್ತಿದೀನಿ’ ಅಂತ ಗೊಣಗಿಕೊಂಡಳು.

ಭಾನುವಾರ ಪೂರ್ತಿ ಹರಿತಾ ಫೋನ್ ಹಿಡಿದು ಮನೆಯ ಹಿಂದೆ ಮುಂದೆ ಓಡಾಡಿದಳು. ಎನ್ನೆಸ್ಸೆಸ್ ಗ್ರೂಪಿನಲ್ಲಿ ಬರೆದಳು: ನಾಳೆ ಮೂಟೆಗಳನ್ನು ಟ್ರ್ಯಾಕ್ಟರಿಗೆ ತುಂಬಬೇಕು, ಬನ್ನಿ. ಕೈ ಜೋಡಿಸಿದ ಚಿತ್ರ ಬಂತು, ಹೃದಯದ ಚಿತ್ರ ಬಂತು, ‘ಸೂಪರ್ ಅಕ್ಕ’ ಅಂತ ಬಂತು. ಬರುತ್ತೇನೆ ಅಂತ ಯಾರೂ ಬರೆಯಲಿಲ್ಲ. ಮೋಹನ್‌ಬಾಬು ಮೇಷ್ಟ್ರು ಮಾತ್ರ, ಅನುಮತಿ ಇಲ್ಲದೆ ಕಾಲೇಜಿನ ಹೆಸರು ಬಳಸಬಾರದು ಅಂತ ಬರೆದರು. ಕಡೆಗೆ ಸುನೀಲ್ ಫೋನ್ ಮಾಡಿದ.

‘ಟ್ರ್ಯಾಕ್ಟರ್ ಯಾರದು?’

‘ನಮ್ಮದು.’

‘ನಿಮ್ಮಪ್ಪ ಒಪ್ಪಿದ್ರಾ?’

‘ಕೇಳಿಲ್ಲ.’

‘ಹಂಗಾದ್ರೆ ಬರ್ತೀನಿ. ಇದನ್ನ ನೋಡದೆ ಇರಕ್ಕಾಗಲ್ಲ’ ಅಂದ.

ಸೋಮವಾರ ಪಂಚಾಯ್ತಿ ಆಫೀಸಿನಲ್ಲಿ ಮೀಟಿಂಗು ಅಂತ ಹರಿತಾಳಿಗೆ ಗೊತ್ತಿತ್ತು. ಆಫೀಸು ಎರಡು ಊರಿನ ಆಚೆ. ಅಪ್ಪ ಸೇವಂತಿಗೆ ತೋಟಕ್ಕೆ ಹೋದದ್ದನ್ನು ನೋಡಿಕೊಂಡು ಟ್ರ್ಯಾಕ್ಟರಿಗೆ ಟ್ರೇಲರ್ ಹೂಡಿ ಹುಣಸೆಮರದ ಹತ್ತಿರ ತಂದಳು. ಸುನೀಲ್ ತೊಂಡೇಬಾವಿಯಿಂದ ಮೊದಲ ಬಸ್ಸು ಹಿಡಿದು, ಗೌರಿಬಿದನೂರಿನಲ್ಲಿ ಬಸ್ಸು ಬದಲಾಯಿಸಿ ಬಂದಿದ್ದ. ಶಿಡ್ಲಘಟ್ಟದ ಶಿರೀಷಾ ಯಾರಿಗೂ ಹೇಳದೆ ಬಂದು ನಿಂತಿದ್ದಳು. ಮೂವರೂ ಸೇರಿ ಮೂಟೆ ತುಂಬಿದರು. ಒಂದೊಂದು ಮೂಟೆ ಎತ್ತಿದಾಗಲೂ ಕೆಳಗಿನಿಂದ ಕಪ್ಪು ನೀರು ಸೋರಿ ತೋಳಿಗೆ ಇಳಿಯುತ್ತಿತ್ತು. ಡೇರಿ ಕಟ್ಟೆಯ ಮೇಲೆ ಕೂತವರು ನೋಡಿದರು. ಯಾರೂ ಕೈ ಹಾಕಲಿಲ್ಲ.

ಹೊರಟು ಊರ ಹೊರಗಿನ ಇಳಿಜಾರಿಗೆ ಬರುವಷ್ಟರಲ್ಲಿ ಹಿಂದೆ ಬೈಕಿನ ಹಾರನ್ನು. ಸುನೀಲ್ ಮೂಟೆಗಳ ಮೇಲಿಂದ ಕೂಗಿದ: ‘ಹರಿತಾ, ನಿಮ್ಮಪ್ಪ!’

ಅವಳು ನಿಲ್ಲಿಸಲಿಲ್ಲ. ಬೈಕು ಪಕ್ಕಕ್ಕೆ ಬಂತು. ಮುನಿವೆಂಕಟಪ್ಪ ಕೈ ಅಡ್ಡ ಮಾಡಿದ. ಅವಳು ಬ್ರೇಕು ತುಳಿದಳು. ಎಲ್ಲರ ಮುಂದೆ ಬೈದು ಇಳಿಸುತ್ತಾನೆ, ಇಳಿಸಿದರೂ ಇಳಿಯಬಾರದು ಅಂತ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದಳು. ಅವನು ಬೈಕನ್ನು ಸ್ಟ್ಯಾಂಡ್ ಹಾಕಿ ಟ್ರ್ಯಾಕ್ಟರಿನ ಹಿಂದಕ್ಕೆ ಹೋಗಿ ಬಗ್ಗಿದ.

‘ಟ್ರೇಲರ್ ಪಿನ್ನಿಗೆ ಕ್ಲಿಪ್ ಹಾಕಿಲ್ಲ ನೀನು’ ಅಂದ. ‘ಈ ಇಳಿಜಾರಲ್ಲಿ ಪಿನ್ನು ಎದ್ದಿದ್ರೆ ಮೇಲೆ ಕೂತಿರೋ ಈ ಹುಡುಗನ ಗತಿ ಏನು? ನಾನು ಕಲಿಸಿದ್ದು ಹಿಂಗಾ?’

ಜೇಬಿನಿಂದ ತಂತಿ ತೆಗೆದು ಬಿಗಿದು ಕಟ್ಟಿದ. ಆಮೇಲೆ ಬೈಕು ಹತ್ತಿ ಮುಂದೆ ಹೊರಟ, ಹಿಂದಿರುಗಿ ಊರಿಗಲ್ಲ, ಪಂಚಾಯ್ತಿ ಕಡೆಗೆ.

ಪಂಚಾಯ್ತಿ ಆಫೀಸಿನ ಪಕ್ಕದಲ್ಲೇ ಕಸ ವಿಂಗಡಿಸುವ ಶೆಡ್ಡು. ಗೋಡೆಯ ಮೇಲೆ ಹಸಿರು ಎಲೆ, ಕನ್ನಡಕ, ನಗುವ ಮಕ್ಕಳ ಚಿತ್ರ. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಕಿಂಡಿಯಲ್ಲಿ ನೋಡಿದರೆ ಒಳಗೆ ಪ್ಲಾಸ್ಟಿಕ್ ಕುರ್ಚಿ, ಶಾಮಿಯಾನದ ಕಂಬ, ಚಕ್ರದ ಗಾಳಿ ಹೋದ ಕಸದ ಆಟೋ. ಹರಿತಾ ಟ್ರ್ಯಾಕ್ಟರನ್ನು ಆಫೀಸಿನ ಗೇಟಿಗೆ ಅಡ್ಡವಾಗಿ ನಿಲ್ಲಿಸಿ ಕೀ ತೆಗೆದು ಮುಷ್ಟಿಯಲ್ಲಿ ಹಿಡಿದಳು. ವಾಸನೆ ಮೀಟಿಂಗಿನ ಕಿಟಕಿಯೊಳಗೆ ಹೋಗಲು ಬಹಳ ಹೊತ್ತು ಬೇಕಾಗಲಿಲ್ಲ. ಮೊದಲು ಜವಾನ ಬಂದ, ಆಮೇಲೆ ಆವಲಪ್ಪ, ಅವನ ಹಿಂದೆ ಮೂಗಿಗೆ ಕರ್ಚೀಫು ಹಿಡಿದ ಪಿಡಿಓ.

‘ಯಾರಮ್ಮ ನೀನು? ತೆಗಿ ಗಾಡಿ.’

‘ಶೆಡ್ ಬೀಗ ತೆಗೀರಿ ಸಾರ್. ಇಳಿಸ್ಬಿಟ್ಟು ಹೋಗ್ತೀವಿ.’

‘ಅದಕ್ಕೆ ಆಳಿಲ್ಲ, ಡ್ರೈವರಿಲ್ಲ. ಹಂಗೆಲ್ಲಾ ತಂದು ಸುರಿಯಕ್ಕಾಗಲ್ಲ.’

‘ಆವಲಪ್ಪನೋರು ಟ್ರ್ಯಾಕ್ಟರ್ ಕಳಿಸ್ತೀನಿ ಅಂದಿದ್ರು. ಒಂದು ವಾರ ಕಾದ್ವಿ. ನಮ್ಮೂರಲ್ಲಿ ಹಸು ಹೊಟ್ಟೆ ಕುಯ್ದಿದಾರೆ ಸಾರ್.’

ಆವಲಪ್ಪ ಆಕಾಶ ನೋಡಿದ. ಪಿಡಿಓ ತಾಳ್ಮೆಯಿಂದಲೇ ಹೇಳಿದ: ‘ನೋಡಮ್ಮ, ಕಸ ಹಾಕಿದೋರು ಬೆಂಗಳೂರೋರು. ಎತ್ತಿದೋರು ಕಾಲೇಜೋರು. ಅದಿದ್ದಿದ್ದು ಬೆಟ್ಟದ ಮೇಲೆ. ಬೆಟ್ಟ ನಮಗೆ ಸೇರಲ್ಲ. ಇದು ನಮ್ಮ ಪಂಚಾಯ್ತಿ ಕಸವೇ ಅಲ್ಲ.’

ಇಷ್ಟು ದಿನ ಎಲ್ಲ ಉತ್ತರಕ್ಕೂ ತಯಾರಾಗಿದ್ದ ಹರಿತಾ ಇದಕ್ಕೆ ತಯಾರಾಗಿರಲಿಲ್ಲ. ಸುನೀಲ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬೇಲಿಯ ಹತ್ತಿರ ನಿಂತಿದ್ದ ಮುನಿವೆಂಕಟಪ್ಪ ತಲೆಗೆ ಸುತ್ತಿದ್ದ ಟವೆಲ್ಲನ್ನು ತೆಗೆದು ಹೆಗಲಿಗೆ ಹಾಕಿಕೊಂಡು ಮುಂದೆ ಬಂದ.

‘ಬೆಂಗಳೂರೋರದ್ದು ಯಾಕೆ ಸಾರ್, ನಂದು ಅನ್ನಿ’ ಅಂದ.

‘ನಿಂದಾ?’

‘ನಂದೇ. ಅದ್ರಲ್ಲಿರೋ ಬಾಟ್ಲಿ ಅರ್ಧಕ್ಕರ್ಧ ನನ್ನಂಗಡೀವು. ಕಪ್ಪು ಪೂರ್ತಿ ನನ್ನವು. ಅಂಗಡಿ ಇರೋದು ನನ್ನ ಹೊಲದಲ್ಲಿ, ಹೊಲ ಇರೋದು ನಿಮ್ಮ ಪಂಚಾಯ್ತೀಲಿ. ಅಂಗಡಿಗೆ ಲೈಸೆನ್ಸು ಕೊಟ್ಟೋರು ನೀವು. ವರ್ಷ ವರ್ಷ ಕಂದಾಯ ಕಟ್ತಿದೀನಿ. ನನ್ನ ಕಸ ಎತ್ತೋದು ನಿಮ್ಮ ಕೆಲ್ಸ ಹೌದೋ ಅಲ್ವೋ, ಅದೊಂದು ಹೇಳ್ಬಿಡಿ. ಅಲ್ಲ ಅಂದ್ರೆ ನನ್ನ ಮಗಳ್ನ ಕರ್ಕೊಂಡು ಹೋಗ್ತೀನಿ. ಟ್ರ್ಯಾಕ್ಟರು ಇಲ್ಲೇ ಇರುತ್ತೆ.’

ಮೀಟಿಂಗಿನಿಂದ ಎದ್ದು ಬಂದಿದ್ದ ಮೆಂಬರು ವೆಂಕಟರತ್ನಮ್ಮ, ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡವಳು, ‘ಬೀಗದ ಕೈ ಎಲ್ಲೈತ್ರೀ?’ ಎಂದು ಆವಲಪ್ಪನನ್ನು ಕೇಳಿದಳು. ‘ಮಗಳ ನಾಮಕರಣಕ್ಕೆ ಕುರ್ಚಿ ತಗೊಂಡೋದಾಗ ನಿಮ್ಮ ಹತ್ರಾನೇ ಇತ್ತಲ್ಲ?’ ನಿಂತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆವಲಪ್ಪ ಜೇಬು ತಡಕಿದ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

ಕುರ್ಚಿಗಳನ್ನು ಹೊರಗೆ ಹಾಕಿ ಮೂಟೆಗಳನ್ನು ಒಳಗೆ ಇಳಿಸುವಷ್ಟರಲ್ಲಿ ಮಧ್ಯಾಹ್ನ ಮೀರಿತು. ವಾರಕ್ಕೊಂದು ಸಲ, ಸೋಮವಾರ, ಆಟೋ ಎರ್ರಬಂಡಹಳ್ಳಿಗೆ ಬರುತ್ತದೆ ಅಂತ ಪಿಡಿಓ ಬಾಯಲ್ಲಿ ಹೇಳಿದ. ಹರಿತಾ ಕಾಗದದಲ್ಲಿ ಬರೆದುಕೊಡಿ ಅಂದಳು. ಬರೆದುಕೊಟ್ಟ. ಬರುವಾಗ ಅಪ್ಪ ಟ್ರ್ಯಾಕ್ಟರ್ ಓಡಿಸಿದ, ಅವಳು ಮಡ್‌ಗಾರ್ಡಿನ ಮೇಲೆ ಕೂತಳು. ಬೈಕನ್ನು ಸುನೀಲ್ ತಂದ. ದಾರಿಯುದ್ದಕ್ಕೂ ಏನಾದರೂ ಹೇಳಬೇಕು ಅಂತ ಅವಳಿಗೆ. ಇಂಜಿನ್ನಿನ ಸದ್ದಿನಲ್ಲಿ ಕೂಗಿ ಹೇಳುವ ಮಾತಲ್ಲ ಅದು.

ಊರು ಹತ್ತಿರ ಬಂದಾಗ ಅಪ್ಪನೇ ಅಂದ: ‘ಬಾಟ್ಲಿ ಪೂರ್ತಿ ನಿಲ್ಸಕ್ಕಾಗಲ್ಲಮ್ಮ. ಒಂದು ದೊಡ್ಡ ಡ್ರಮ್ಮು ತಂದು ಬೋರಿನ ನೀರು ತುಂಬಿಡ್ತೀನಿ. ಬಾಟ್ಲಿ ಇರೋರು ಬಿಟ್ಟಿ ತುಂಬ್ಕೊಳ್ಳಿ. ಕಪ್ಪಿನ ನೂಡಲ್ಸು ಬಿಡ್ತೀನಿ. ಅದರ ವಾಸನೆ ನಂಗೂ ಆಗಲ್ಲ.’

‘ಚಿಪ್ಸು?’

‘ಒಂದೊಂದೇ ಕೇಳು. ಎಲ್ಲಾ ಒಂದೇ ದಿನ ಕೇಳಬೇಡ.’

ಇಷ್ಟಾದರೂ ಹರಿತಾಳಿಗೆ ನೆಮ್ಮದಿ ಅನ್ನುವುದು ಬರಲಿಲ್ಲ. ಎದುರು ಮನೆಯ ಬಾಗಿಲು ಅವಳನ್ನು ಕಂಡರೆ ಮುಚ್ಚಿಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಒಂದು ಹೊರೆ ಹಸಿಹುಲ್ಲು ಕುಯ್ದು ತಂದು ಲಕ್ಷ್ಮೀನರಸಮ್ಮನ ಜಗಲಿಯ ಮೇಲೆ ಇಟ್ಟು ಬರುತ್ತಿದ್ದಳು. ಮೊದಲ ದಿನ ಹುಲ್ಲು ಬೀದಿಯಲ್ಲಿ ಬಿದ್ದಿತ್ತು. ಎರಡನೇ ದಿನವೂ ಹಾಗೇ. ಆಮೇಲಿನ ದಿನ ಬೀದಿಯಲ್ಲೂ ಇರಲಿಲ್ಲ, ಜಗಲಿಯ ಮೇಲೂ ಇರಲಿಲ್ಲ. ಚುಕ್ಕಿ ಎದ್ದು ನಿಂತಿತು, ಮೆಲುಕು ಹಾಕಿತು. ಕರು ಉಳಿದಿದೆ ಅಂತ ಡಾಕ್ಟರು ಹೇಳಿದ್ದನ್ನು ಹರಿತಾ ಅಜ್ಜಿಯ ಬಾಯಿಂದ ತಿಳಿದುಕೊಂಡಳು.

ಮುಂದಿನ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಕಾಲುದಾರಿಯ ಬಾಯಿಗೆ ಹಗ್ಗ ಕಟ್ಟಿ ನಿಂತರು. ಎರಡು ಬಸ್ಸು ತುಂಬ ಬಂದಿದ್ದ ಕಾಲೇಜಿನವರಲ್ಲಿ ಈ ಸಲ ಬಂದವರು ಸುನೀಲ್, ಶಿರೀಷಾ, ಚಿಂತಾಮಣಿಯ ಒಬ್ಬ ಹುಡುಗಿ, ಅಷ್ಟೆ. ಬ್ಯಾಗಿನಲ್ಲಿ ಏನೇನಿದೆ ತೋರಿಸಿ, ಖಾಲಿ ಕವರಿಗೆ ಈ ಚೀಲ ತಗೊಳ್ಳಿ, ಇಳಿಯುವಾಗ ಇಲ್ಲೇ ಕೊಡಿ ಅಂತ ಕೇಳಿಕೊಳ್ಳುವುದು. ಕೆಲವರು ಒಪ್ಪಿದರು. ಒಬ್ಬ ಕೂಲಿಂಗ್ ಗ್ಲಾಸಿನವನು, ‘ನೀವ್ಯಾರು ಚೆಕ್ ಮಾಡಕ್ಕೆ? ನಿಮಗೆ ಅಥಾರಿಟಿ ಇದೆಯಾ?’ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದ. ಅವನ ಜೊತೆಯವರೂ ದನಿಗೂಡಿಸಿದರು. ಅವರು ಮುಂದೊತ್ತಿದಾಗ ಹಗ್ಗ ಅಲ್ಲಾಡಿತು.

‘ಏಮಯ್ಯಾ, ಏನಂತೆ ನಿಂಗೆ?’

ಎಲ್ಲರೂ ತಿರುಗಿದರು. ಲಕ್ಷ್ಮೀನರಸಮ್ಮ ತಲೆಯ ಮೇಲೆ ಮಂಕರಿ ಹೊತ್ತು ಬಂದಿದ್ದಳು. ಹರಿತಾಳ ಹಿತ್ತಲಿನಿಂದ ಅದನ್ನು ಕೇಳಿ ತೆಗೆದುಕೊಂಡಳೋ, ಕೇಳದೆ ತೆಗೆದುಕೊಂಡಳೋ ಗೊತ್ತಿಲ್ಲ. ಅದನ್ನು ಕೂಲಿಂಗ್ ಗ್ಲಾಸಿನವನ ಕಾಲ ಬುಡದಲ್ಲಿ ಇಳಿಸಿದಳು. ಒಣಗಿ ಸುರುಟಿದ ಕವರುಗಳ ಮುದ್ದೆ.

‘ನೋಡು. ಬಗ್ಗಿ ನೋಡು. ಇದು ನನ್ನ ಹಸು ಹೊಟ್ಟೆಯಿಂದ ಬಂದಿದ್ದು. ನೀನು ಬೆಳಿಗ್ಗೆ ಕಾಫಿಗೆ ಹಾಕ್ಕೊಂಡು ಬಂದ್ಯಲ್ಲಪ್ಪ ಹಾಲು, ಅದು ಇಂಥಾ ಹೊಟ್ಟೆಯಿಂದಾನೇ ಬರೋದು. ಈಗ ಬ್ಯಾಗ್ ಬಿಚ್ತೀಯಾ, ಇಲ್ಲ ಇನ್ನೂ ಇಂಗ್ಲಿಷು ಮಾತಾಡ್ತೀಯಾ?’

ಅವನು ಕನ್ನಡಕ ತೆಗೆದ. ಬ್ಯಾಗು ಬಿಚ್ಚಿದ. ಅವನ ಹಿಂದಿನವರು ಕೇಳದೆಯೇ ಬಿಚ್ಚಿದರು. ಲಕ್ಷ್ಮೀನರಸಮ್ಮ ದಾರಿಯ ಪಕ್ಕದ ಕಲ್ಲಿನ ಮೇಲೆ ಸೆರಗು ಹೊದ್ದು ಕೂತಳು. ಬಂದ ಬಂದವರಿಗೆಲ್ಲ ಮಂಕರಿ ತೋರಿಸಿ, ಚುಕ್ಕಿಯ ಕತೆಯನ್ನು ಮೊದಲಿಂದ ಹೇಳತೊಡಗಿದಳು. ಸುನೀಲ್ ಅವಳಿಗೆ ಟೀ ತಂದುಕೊಟ್ಟ. ಕುಡಿದಳು. ಹರಿತಾಳ ಕಡೆ ಮಾತ್ರ ಒಂದು ಸಲವೂ ತಿರುಗಲಿಲ್ಲ. ಹರಿತಾ ಹತ್ತಿರ ಹೋಗಿ ‘ಅತ್ತೇ’ ಅಂದದ್ದು ಕೇಳಿಸಲೇ ಇಲ್ಲವೆಂಬಂತೆ ಬೇರೊಬ್ಬರ ಜೊತೆ ಮಾತಾಡಿದಳು. ಹರಿತಾ ಹಗ್ಗದ ಹತ್ತಿರ ಸ್ವಲ್ಪ ಹೊತ್ತು, ಅಪ್ಪನ ಡ್ರಮ್ಮಿನ ಹತ್ತಿರ ಸ್ವಲ್ಪ ಹೊತ್ತು, ಸುಮ್ಮನೆ ಅತ್ತಿತ್ತ ಸುಳಿದಾಡಿದಳು.

ಬಿಸಿಲೇರುವ ಹೊತ್ತಿಗೆ ಎಂಟು ಹತ್ತು ಜನರ ಗುಂಪೊಂದು ಹಗ್ಗವನ್ನು ನೋಡಿ, ತಮ್ಮತಮ್ಮೊಳಗೆ ಏನೋ ಮಾತಾಡಿಕೊಂಡು, ಲಂಟಾನ ಪೊದೆಯ ಮರೆಯಲ್ಲಿ ಮೇಕೆಗಳ ದಾರಿ ಹಿಡಿದು ಹತ್ತತೊಡಗಿತು. ಕೈಯಲ್ಲಿ ದೊಡ್ಡ ದೊಡ್ಡ ಕವರುಗಳು.

‘ಏಯ್ ಹುಡುಗಿ!’

ಕಲ್ಲಿನ ಮೇಲಿಂದ ಲಕ್ಷ್ಮೀನರಸಮ್ಮ ನೇರವಾಗಿ ಹರಿತಾಳನ್ನೇ ನೋಡುತ್ತಿದ್ದಳು. ಮುಖ ಇನ್ನೂ ಗಂಟಾಗಿಯೇ ಇತ್ತು.

‘ಆ ಕಡೆಯಿಂದ ಹತ್ತಿ ಹೋಗ್ತಾವ್ರೆ, ಕಣ್ಣು ಕಾಣಲ್ವಾ? ಕಂಬದಂಗೆ ನಿಂತ್ಕೊಂಡ್ರೆ ಆಯ್ತಾ? ಓಡು!’

ಹರಿತಾ ಚಪ್ಪಲಿ ಅಲ್ಲೇ ಬಿಟ್ಟು, ಖಾಲಿ ಚೀಲಗಳ ಕಟ್ಟನ್ನು ಕಂಕುಳಿಗೆ ಇರುಕಿಕೊಂಡು, ಬಂಡೆ ಹತ್ತಿ ಓಡಿದಳು.